ಅಂಗೈ ಮೇಲಿನ ಗುಬ್ಬಚ್ಚಿ

ಚೀನಾ ದೇಶದ ವ್ಯಾಯಾಮಶಾಲೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕಥೆಯೊಂದುಂಟು. ತೈ ಚಿ ಎಂಬ ವಿದ್ಯೆಯಲ್ಲಿ ಹೆಸರಾದ ಯಾಂಗ್ ಮನೆತನದ ಗುರುವೊಬ್ಬನು ಗುಬ್ಬಚ್ಚಿಯೊಂದನ್ನು ತನ್ನ ತೆರೆದ ಅಂಗೈಯ ಮೇಲೆ ಕೂರಿಸಿಕೊಳ್ಳುತ್ತಿದ್ದನಂತೆ. ದಾರವಿಲ್ಲ, ಅಂಟಿಲ್ಲ, ಬೆರಳುಗಳನ್ನು ಮಡಿಸುವುದೂ ಇಲ್ಲ. ಆದರೂ ಹಕ್ಕಿಯು ಹಾರಲಾರದೆ ಅಲ್ಲಿಯೇ ರೆಕ್ಕೆ ಬಡಿಯುತ್ತಿದ್ದಿತಂತೆ. ಹಾರಬೇಕಾದರೆ ಹಕ್ಕಿಯು ಮೊದಲು ಕಾಲುಗಳಿಂದ ಕೆಳಕ್ಕೆ ಒದೆಯಬೇಕಷ್ಟೆ. ಅದು ಒದೆದ ಕ್ಷಣದಲ್ಲಿಯೇ ಗುರುವು ಅಂಗೈಯನ್ನು ಅಷ್ಟೇ ಕೆಳಕ್ಕೆ ಇಳಿಸಿಬಿಡುವನು. ಒದೆತಕ್ಕೆ ಆಧಾರ ದೊರೆಯದೆ ಹಕ್ಕಿಯು ಇದ್ದಲ್ಲಿಯೇ ಉಳಿಯುವುದು. ಇದು ಕಥೆಯೇ ಕೊಡುವ ವಿವರಣೆ.

ಕೇಳಿದೊಡನೆ ನಕ್ಕುಬಿಡುವುದು ಸುಲಭ. ಆದರೆ ಈ ಕಥೆಯಲ್ಲಿ ಸತ್ಯದ ಒಂದು ಕಾಳು ಇದೆ. ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಯನ್ನೂ ಲಾವಕ್ಕಿಯನ್ನೂ ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವು ನೆಲದಿಂದ ಮೇಲೇಳುವಾಗ ಪಡೆಯುವ ವೇಗದ ನೂರಕ್ಕೆ 80ರಿಂದ 90 ಭಾಗ ಕಾಲುಗಳ ಒದೆತದಿಂದಲೇ ಬರುವುದೆಂದು ಕಂಡುಬಂದಿತು. ಕಥೆಯನ್ನು ಕಟ್ಟಿದಾತನು ಹಕ್ಕಿಗಳನ್ನು ಕಣ್ಣಿಟ್ಟು ನೋಡಿದ್ದವನೇ ಸರಿ. ಆದರೆ ಆ ಒದೆತವು ಮುಗಿಯಲು ಹಿಡಿಯುವ ಕಾಲವು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ಚರ್ಮಕ್ಕೆ ತಗುಲಿದುದನ್ನು ಅರಿತು ಕೈಯನ್ನು ಅಲುಗಿಸಲು ಬಹು ಚುರುಕಾದ ಮನುಷ್ಯನಿಗೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಗುರುವಿನ ಕೈ ಇಳಿಯುವ ಹೊತ್ತಿಗೆ ಹಕ್ಕಿ ಹಾರಿಹೋಗಿರುತ್ತದೆ. ಅಷ್ಟು ಲೆಕ್ಕವೂ ಬೇಡ. ಜೋಳದ ಹೊಲದ ಬದುವಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಗುಬ್ಬಚ್ಚಿಯು ಕುಳಿತ ತೆನೆ ಅದರ ಒದೆತಕ್ಕೆ ಎಷ್ಟು ಬಾಗಿದರೂ ಗುಬ್ಬಚ್ಚಿ ಹಾರಿಯೇ ಹಾರುತ್ತದೆ.

ಹಳೆಯ ಕಥೆ ಹಳೆಯ ಕಥೆಯಾಗಿಯೇ ಉಳಿದಿದ್ದರೆ ನಾವು ಅದನ್ನು ಇಲ್ಲಿ ಎತ್ತುತ್ತಿರಲಿಲ್ಲ. ಈ ಶತಮಾನದಲ್ಲಿಯೇ ಚೀನಾದ ಸರ್ಕಾರಿ ದೂರದರ್ಶನವು ಇದೇ ಚಮತ್ಕಾರವನ್ನು ನಿಜವೆಂಬಂತೆ ಕೋಟ್ಯಂತರ ಜನರಿಗೆ ತೋರಿಸಿತು. ಗುಬ್ಬಚ್ಚಿಯ ಬದಲಿಗೆ ಪಾರಿವಾಳ. ಯಾಂಗ್ ಮನೆತನದ ಗುರುವಿನ ಬದಲಿಗೆ ವೇ ಲೇ ಎಂಬುವರು. ಅವರ ಪಂಥವನ್ನು ‘ಗುಡುಗಿನ ತೈ ಚಿ’ ಎಂದು ಕರೆಯಲಾಗುತ್ತಿದ್ದಿತು. ತೈ ಚಿ ವಿದ್ಯೆಯ ಪರಿಚಿತ ಪಂಥಗಳ ಪಟ್ಟಿಯಲ್ಲಿ ಈ ಹೆಸರಿಲ್ಲ. ಅವರು ಕಲ್ಲಂಗಡಿ ಹಣ್ಣನ್ನು ಹೊರಗಿನ ಸಿಪ್ಪೆ ಮುಕ್ಕಾಗದಂತೆ ಒಳಗೆ ಮಾತ್ರ ಪುಡಿಮಾಡಬಲ್ಲರೆಂದೂ ತೋರಿಸಲಾಯಿತು. 2017ರ ಏಪ್ರಿಲ್ ತಿಂಗಳಿನಲ್ಲಿ ಚೆಂಗ್ಡು ನಗರದಲ್ಲಿ ಷೂ ಶಿಯಾವ್‌ಡೋಂಗ್ ಎಂಬ ಮಿಶ್ರ ಕಾಳಗದ ಪಟುವು ಅವರನ್ನು ಎದುರಿಸಿದರು. ಕಾಳಗವು ಅರ್ಧ ನಿಮಿಷವೂ ನಡೆಯಲಿಲ್ಲ. ಗುಡುಗಿನ ಗುರುಗಳು ನೆಲಕ್ಕುರುಳಿದ್ದರು. ಮೂರು ವರ್ಷಗಳ ತರುವಾಯ, 2020ರ ಮೇ ತಿಂಗಳಿನಲ್ಲಿ, ‘ಹುನ್‌ಯುವಾನ್ ಶಿಂಗ್‌ಯಿ ತೈಜಿ’ ಎಂಬ ಮತ್ತೊಂದು ಅಪರಿಚಿತ ಪಂಥದ ಮುಖ್ಯಸ್ಥರಾದ, 69 ವರ್ಷ ವಯಸ್ಸಿನ ಮಾ ಬಾವೋಗುವೋ ಅವರು ಹವ್ಯಾಸಿ ಕಾಳಗಗಾರನೊಬ್ಬನ ಮುಂದೆ 30 ಸೆಕೆಂಡುಗಳಲ್ಲಿ ಮೂರು ಸಲ ಬಿದ್ದರು.

ಈ ಎರಡು ಕಾಳಗಗಳ ಚಲನಚಿತ್ರಗಳನ್ನು ನೋಡಿದ ಅಸಂಖ್ಯಾತ ಜನರು ಒಂದು ತೀರ್ಮಾನಕ್ಕೆ ಬಂದರು: ತೈ ಚಿ ಎಂಬುದು ಬರಿಯ ಬೂಟಾಟಿಕೆ. ನಮಗೆ ಈ ತೀರ್ಮಾನವೂ ಪಾರಿವಾಳದ ಆಟದಷ್ಟೇ ಅವೈಜ್ಞಾನಿಕವಾಗಿ ಕಾಣುತ್ತದೆ. ಒಬ್ಬ ಮನುಷ್ಯನು ಸೋತುದರಿಂದ ಆ ಮನುಷ್ಯನ ಹೇಳಿಕೆ ಸುಳ್ಳಾಯಿತು. ಅವನು ಯಾವ ವಿದ್ಯೆಯ ಹೆಸರನ್ನು ಧರಿಸಿದ್ದನೋ ಆ ವಿದ್ಯೆಯೆಲ್ಲವೂ ಸುಳ್ಳಾಗಲಿಲ್ಲ. ಇದಕ್ಕೂ ಮುಂಚೆ, 1954ರ ಜನವರಿಯಲ್ಲಿ, ಮಕಾವ್ ನಗರದಲ್ಲಿ 53 ವರ್ಷ ವಯಸ್ಸಿನ ವು ಗೋಂಗ್‌ಯಿ ಎಂಬ ತೈ ಚಿ ಗುರುವು ತನಗಿಂತ ಬಹು ಕಿರಿಯನಾದ, ಬಿಳಿ ಕೊಕ್ಕರೆ ಪಂಥದ ತರುಣನೊಬ್ಬನೊಡನೆ ಬಹಿರಂಗವಾಗಿ ಸೆಣಸಿದನು. ಎರಡನೆಯ ಸುತ್ತಿನಲ್ಲಿ ಕಾಳಗವನ್ನು ನಿಲ್ಲಿಸಿ, ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ಸಮವೂ ಆಗಲಿಲ್ಲ ಎಂದು ಸಾರಲಾಯಿತು! ತೀರ್ಪು ಕೊಡುವವರ ಪೇಚಾಟವನ್ನು ನೆನೆದರೆ ನಗು ಬರುತ್ತದೆ. ಆದರೆ ಒಂದೆರಡು ಕಾಳಗಗಳಿಂದ ಇಡೀ ವಿದ್ಯೆಗೆ ಬೆಲೆ ಕಟ್ಟಹೊರಡುವವರಿಗೆ ಅದಕ್ಕಿಂತ ಸ್ಪಷ್ಟವಾದ ತೀರ್ಪು ಸಿಕ್ಕಲಾರದು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಇದು ಚೀನಾದವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಈ ವಿದ್ಯೆಯು ಈಗ ಪ್ರಪಂಚದ ಎಲ್ಲೆಡೆಗಳಲ್ಲಿಯೂ ಕಲಿಸಲ್ಪಡುತ್ತಿದೆ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ವಾಚಕರಾದ ವಿದ್ಯಾರ್ಥಿಗಳು ಒಂದು ಬೆಳಗ್ಗೆ ತಮ್ಮ ಊರಿನ ಉದ್ಯಾನದಲ್ಲಿ ಹತ್ತಾರು ಜನರು ನಿಧಾನವಾಗಿ ಕೈಕಾಲುಗಳನ್ನು ಚಲಿಸುತ್ತಿರುವುದನ್ನು ಕಾಣಬಹುದು. ಪಂಥದ ಹೆಸರು ಕೇಳರಿಯದುದು, ಗುರುವಿನ ಹೆಸರು ಅದಕ್ಕಿಂತ ಕೇಳರಿಯದುದು. ತಾವು ಸೇರಬೇಕೆ, ತಮ್ಮ ತಾಯಿಯವರನ್ನೋ ಅಜ್ಜಿಯವರನ್ನೋ ಸೇರಿಸಬೇಕೆ ಎಂಬುದು ಆಗ ನಿಜವಾದ ಪ್ರಶ್ನೆಯಾಗುತ್ತದೆ.

ಬಹುಮಂದಿ ಮೊದಲು ವಿಚಾರಿಸುವುದು ಪಂಥದ ಹೆಸರನ್ನೂ ಗುರುಪರಂಪರೆಯನ್ನೂ. ಇದಕ್ಕೆ ಇಷ್ಟೊಂದು ಬೆಲೆ ಸಲ್ಲದೆಂದು ನಮ್ಮ ಅಭಿಪ್ರಾಯ. ತೈ ಚಿಯ ಇತಿಹಾಸವನ್ನೇ ನೋಡಿರಿ. ಇಂದು ಐದು ಮನೆತನಗಳ ಹೆಸರಿನ ಐದು ಪಂಥಗಳನ್ನು ಮುಖ್ಯವೆಂದು ಎಣಿಸುತ್ತಾರೆ: ಚೆನ್, ಯಾಂಗ್, ವು, ಮತ್ತೊಂದು ವು, ಸುನ್. ಎರಡು ‘ವು’ಗಳು ಚೀನೀ ಲಿಪಿಯಲ್ಲಿ ಬೇರೆ ಬೇರೆ, ನಮ್ಮ ಲಿಪಿಯಲ್ಲಿ ಮಾತ್ರ ಅವಳಿಗಳು. ಇವುಗಳಲ್ಲಿ ಹಳೆಯದಾದ ಚೆನ್ ಪಂಥವು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ ಒಂದು ಮನೆತನದವರ ವಿದ್ಯೆಯಾಗಿದ್ದಿತು. ಆ ಮನೆತನಕ್ಕೆ ಸೇರದ ಯಾಂಗ್ ಲುಚಾನ್ (1799–1872) ಎಂಬಾತನು ಅಲ್ಲಿ ಕಲಿತು ಬೀಜಿಂಗಿಗೆ ಬಂದು ಕಲಿಸತೊಡಗಿದಾಗ ಅವನ ವಿದ್ಯೆಯೂ ಆ ನಗರಕ್ಕೆ ಅಪರಿಚಿತವೇ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಚಲನೆಗಳನ್ನು ಒಂದೇ ಸಮನಾದ ನಿಧಾನಗತಿಗೆ ತಂದು ಸಾರ್ವಜನಿಕರಿಗೆ ಕಲಿಸಿದನು. ಉದ್ಯಾನಗಳಲ್ಲಿ ನಾವು ಕಾಣುವ ಮಂದಗತಿಯ ತೈ ಚಿಗೆ ಅವನೇ ಬಹುಮಟ್ಟಿಗೆ ಕಾರಣ. ಸುನ್ ಲುಟಾಂಗ್ (1860–1933) ಬೇರೆ ಎರಡು ಕಾಳಗವಿದ್ಯೆಗಳಲ್ಲಿ ಹೆಸರು ಪಡೆದ ಮೇಲೆ ತೈ ಚಿ ಕಲಿತು, ಮೂರನ್ನೂ ಬೆರೆಸಿ ತನ್ನದೇ ಪಂಥವನ್ನು ಕಟ್ಟಿದನು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗವು ಯಾಂಗ್ ಪಂಥದ ಉದ್ದನೆಯ ಕ್ರಮವನ್ನು 24 ಭಂಗಿಗಳಿಗೆ ಇಳಿಸಿ, ಐದಾರು ನಿಮಿಷಗಳಲ್ಲಿ ಮುಗಿಯುವಂತೆ ಮಾಡಿತು. ಸಮಿತಿಯೊಂದು ರಚಿಸಿದ ಈ ಕ್ರಮವೇ ಇಂದು ಅತಿ ಹೆಚ್ಚು ಜನರು ಕಲಿಯುವ ಕ್ರಮಗಳಲ್ಲಿ ಒಂದು! ಒಂದಲ್ಲ ಒಂದು ಕಾಲದಲ್ಲಿ ಪ್ರತಿಯೊಂದು ಪಂಥವೂ ಹೊಸದೂ ಅಪರಿಚಿತವೂ ಆಗಿದ್ದುದೇ.

ಮೂಲಪುರುಷನ ವಿಷಯವಂತೂ ಇನ್ನೂ ಸ್ವಾರಸ್ಯವಾದುದು. ವುಡಾಂಗ್ ಪರ್ವತದ ಝಾಂಗ್ ಸಾನ್‌ಫೆಂಗ್ ಎಂಬ ಸಿದ್ಧನು ಈ ವಿದ್ಯೆಯನ್ನು ಕಂಡುಹಿಡಿದನೆಂದು ಅನೇಕ ಗುರುಗಳು ಇಂದಿಗೂ ಹೇಳುತ್ತಾರೆ. ಆದರೆ ಕಾಳಗವಿದ್ಯೆಯೊಡನೆ ಅವನ ಹೆಸರನ್ನು ಜೋಡಿಸುವ ಮೊದಲ ಬರಹವು 1669ರ ಒಂದು ಸಮಾಧಿಲೇಖ. ಅವನು ಬದುಕಿದ್ದನೆನ್ನುವ ಕಾಲಕ್ಕೂ ಅದಕ್ಕೂ ಶತಮಾನಗಳ ಅಂತರವಿದೆ. ಟಾಂಗ್ ಹಾವ್ ಎಂಬ ಚೀನೀ ಇತಿಹಾಸಕಾರನು 1930ರಲ್ಲಿಯೇ ಈ ಕಥೆಗೆ ಆಧಾರವಿಲ್ಲವೆಂದು ಬರೆದನು; ಆಮೇಲೆ ಚೆನ್‌ಜಿಯಾಗೌ ಹಳ್ಳಿಗೆ ತಾನೇ ಹೋಗಿ ಅಲ್ಲಿನ ಬರಹಗಳನ್ನು ಪರಿಶೀಲಿಸಿ, 17ನೆಯ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬ ಯೋಧನವರೆಗೆ ಜಾಡನ್ನು ಹಿಡಿದನು. ಅಲ್ಲಿಯ ಭಂಗಿಗಳಲ್ಲಿ ಹಲವು ಮಿಂಗ್ ಕಾಲದ ಸೇನಾಪತಿ ಚಿ ಜಿಗುವಾಂಗ್ ತನ್ನ ಸೈನಿಕರಿಗಾಗಿ ಬರೆದ ಗ್ರಂಥದ 32 ಭಂಗಿಗಳನ್ನು ಹೋಲುವುದನ್ನೂ ತೋರಿಸಿದನು. ಸಿದ್ಧನ ಕನಸಿಗಿಂತ ಸೈನಿಕರ ಕವಾಯತು ಈ ವಿದ್ಯೆಗೆ ಹತ್ತಿರವೆಂದಾಯಿತು.

ಅದೇ 1930ರ ಗ್ರಂಥದಲ್ಲಿ ಟಾಂಗ್ ಹಾವ್ ಇನ್ನೊಂದು ಕಥೆಯನ್ನೂ ತಳ್ಳಿಹಾಕಿದನು. ಅದು ಭಾರತದಿಂದ ಹೋದ ಬೋಧಿಧರ್ಮನು ಶಾವೋಲಿನ್ ವಿಹಾರದಲ್ಲಿ ಚೀನೀಯರಿಗೆ ಕಾಳಗವಿದ್ಯೆಯನ್ನು ಕಲಿಸಿದನೆಂಬ ಕಥೆ. ಇದು ನಮಗೆ ಬಹಳ ಪ್ರಿಯವಾದುದು. ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಚೀನೀಯರ ಸಿದ್ಧನನ್ನು ಒರೆಗಲ್ಲಿಗೆ ಹಚ್ಚುವ ನಾವು ನಮ್ಮ ಭಿಕ್ಷುವನ್ನು ಮಾತ್ರ ಬಿಟ್ಟುಕೊಡುವಂತಿಲ್ಲ.

ಪರಂಪರೆಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಹಲವು ತಲೆಮಾರುಗಳ ಕೈಯಲ್ಲಿ ಪಳಗಿದ ಕ್ರಮದಲ್ಲಿ ದೇಹಕ್ಕೆ ಕೇಡು ಮಾಡುವ ಅಂಶಗಳು ಕಳೆದುಹೋಗಿರುವ ಸಂಭವ ಹೆಚ್ಚು. ಆದರೆ ಅದು ಸಂಭವವೇ ಹೊರತು ಪ್ರಮಾಣವಲ್ಲ. ಪ್ರಮಾಣ ಬೇಕಾದರೆ ಏನು ಮಾಡಬೇಕೆಂಬುದಕ್ಕೆ ಅಮೆರಿಕದ ಓರೆಗನ್ ರಾಜ್ಯದಲ್ಲಿ ನಡೆದ ಕೆಲಸವು ಒಳ್ಳೆಯ ಉದಾಹರಣೆ. ಅಲ್ಲಿ ಫುಝೋಂಗ್ ಲಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಎಂಟೇ ಭಂಗಿಗಳ, ವೃದ್ಧರ ಸಮತೋಲನಕ್ಕೆಂದೇ ಹೊಂದಿಸಿದ ತೈ ಚಿ ಕ್ರಮವನ್ನು ಪ್ರಯೋಗಕ್ಕೆ ಒಡ್ಡಿದರು. ಇದಕ್ಕೆ ಸಿದ್ಧರ ಪರಂಪರೆಯಿಲ್ಲ, ಪರ್ವತದ ಹೆಸರಿಲ್ಲ. ಬೀಳುವ ಅಪಾಯವುಳ್ಳ, 70 ವರ್ಷ ದಾಟಿದ 670 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ಈ ತೈ ಚಿ. ಇನ್ನೊಂದಕ್ಕೆ ನಡಿಗೆ, ಬಲವರ್ಧನೆ ಮುಂತಾದ ಹಲವು ಬಗೆಯ ವ್ಯಾಯಾಮ. ಮೂರನೆಯದಕ್ಕೆ ಮೈಚಾಚುವ ಸಾಧಾರಣ ವ್ಯಾಯಾಮ. ವಾರಕ್ಕೆ ಎರಡು ಸಲದಂತೆ 24 ವಾರಗಳು ಕಳೆದ ಮೇಲೆ, ತೈ ಚಿ ಗುಂಪಿನವರು ಬಿದ್ದ ಸಂಖ್ಯೆಯು ಮೂರನೆಯ ಗುಂಪಿಗಿಂತ ನೂರಕ್ಕೆ 58ರಷ್ಟೂ, ಎರಡನೆಯ ಗುಂಪಿಗಿಂತ ನೂರಕ್ಕೆ 31ರಷ್ಟೂ ಕಡಿಮೆಯಿದ್ದಿತು. ಈ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವೃದ್ಧಾಪ್ಯದಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಆಮೇಲಿನ ಬಾಳು ಹೇಗಿರುತ್ತದೆಂಬುದನ್ನು ಮನೆಯಲ್ಲಿ ಕಂಡವರಿಗೆ ಈ ಅಂಕೆಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗುರುಗಳು ತೋರಿಸುವ ಪ್ರದರ್ಶನಗಳಿಗೆ ಬರೋಣ. ತೈ ಚಿ ಗುರುವೊಬ್ಬನು ಒಂದು ಕಾಲನ್ನು ಮುಂದಿಟ್ಟು ನಿಲ್ಲುತ್ತಾನೆ; ದಾಂಡಿಗನಾದ ಶಿಷ್ಯನು ಎದುರಿನಿಂದ ನೂಕುತ್ತಾನೆ; ಗುರುವು ಅಲುಗುವುದಿಲ್ಲ. ‘ನೆಲದೊಳಕ್ಕೆ ಬೇರು ಬಿಟ್ಟಿದ್ದಾರೆ’, ‘ಒಳಗಿನ ಶಕ್ತಿ’ ಎಂದೆಲ್ಲ ವರ್ಣನೆ ನಡೆಯುತ್ತದೆ. ಈ ಶಕ್ತಿಯನ್ನು ಪ್ರೌಢಶಾಲೆಯ ಸನ್ನೆಯ ಪಾಠದಿಂದಲೇ ಅಳೆಯಬಹುದು. 60 ಕಿಲೋಗ್ರಾಂ ತೂಕದ ಮನುಷ್ಯನೊಬ್ಬನು ಎರಡು ಪಾದಗಳನ್ನೂ ಜೋಡಿಸಿ ನಿಂತಿದ್ದಾನೆಂದು ಇಟ್ಟುಕೊಳ್ಳಿರಿ. ಅವನ ಗುರುತ್ವಕೇಂದ್ರದಿಂದ ನೇರವಾಗಿ ಕೆಳಗಿಳಿದ ಗೆರೆಯು ಹಿಮ್ಮಡಿಯಿಂದ ಸುಮಾರು 10 ಸೆಂಟಿಮೀಟರ್ ಮುಂದೆ ನೆಲವನ್ನು ಮುಟ್ಟುತ್ತದೆ. ಎದೆಯ ಮಟ್ಟದಲ್ಲಿ, ಎಂದರೆ ನೆಲದಿಂದ 120 ಸೆಂಟಿಮೀಟರ್ ಎತ್ತರದಲ್ಲಿ ಅವನನ್ನು ಹಿಂದಕ್ಕೆ ನೂಕಿದರೆ, ಹಿಮ್ಮಡಿಯ ಮೇಲೆ ಅವನು ಉರುಳಲು ಬೇಕಾದ ಬಲ 60 × 10 ÷ 120, ಅಂದರೆ 5 ಕಿಲೋಗ್ರಾಂ ತೂಕದಷ್ಟು. ಈಗ ಅವನು ಒಂದು ಕಾಲನ್ನು ಹಿಂದಕ್ಕೆ ಚಾಚಿ, ಮೈಭಾರವನ್ನು ಮುಂದಿನ ಕಾಲಿನ ಮೇಲೆ ಹೇರಿ ನಿಲ್ಲಲಿ. ಹಿಂದಿನ ಹಿಮ್ಮಡಿಗೂ ಆ ಗೆರೆಗೂ ಈಗ 40 ಸೆಂಟಿಮೀಟರ್ ದೂರವಾಯಿತು. ಬೇಕಾಗುವ ಬಲ 20 ಕಿಲೋಗ್ರಾಂ ತೂಕದಷ್ಟು! ಮನುಷ್ಯನು ಅವನೇ, ತೂಕವೂ ಅದೇ. ಬಲ ಮಾತ್ರ ನಾಲ್ಕು ಮಡಿಯಾಯಿತು. ಇದಲ್ಲದೆ, ನೂಕುವವನ ಮೊಣಕೈಗಳನ್ನು ಗುರುವು ಕೆಳಗಿನಿಂದ ತುಸುವೇ ಮೇಲಕ್ಕೆ ಎತ್ತಿದನೆನ್ನಿ. ಆಗ ನೂಕುವವನ ಪಾದಗಳ ಮೇಲಿನ ಒತ್ತಡ ಕಡಮೆಯಾಗಿ, ನೆಲದೊಡನೆ ಅವನ ಘರ್ಷಣೆಯೂ ಕುಗ್ಗುತ್ತದೆ. ಕುಗ್ಗಿದಷ್ಟೂ ಗುರುವಿನ ಪಾದಗಳ ಕೆಳಗೆ ಹೆಚ್ಚುತ್ತದೆ.

ಈ ಗುಟ್ಟನ್ನು ಹೊರಗೆಡಹಿದವಳು ತೈ ಚಿಯ ಹೆಸರನ್ನೇ ಕೇಳದಿದ್ದ ಒಬ್ಬ ಹುಡುಗಿ. ಅಮೆರಿಕದ ಜಾರ್ಜಿಯಾ ರಾಜ್ಯದ ಲುಲು ಹರ್ಸ್ಟ್ ಎಂಬಾಕೆ 1883ರಿಂದ ಎರಡು ವರ್ಷಗಳ ಕಾಲ ರಂಗಭೂಮಿಯ ಮೇಲೆ ಬಲಾಢ್ಯ ಗಂಡಸರನ್ನು ಕೋಲೊಂದರ ನೆರವಿನಿಂದ ತತ್ತರಿಸುವಂತೆ ಮಾಡುತ್ತಿದ್ದಳು. ಅವಳಲ್ಲಿ ಯಾವುದೋ ಅದ್ಭುತ ಶಕ್ತಿ ಇದೆಯೆಂದು ಊರಿಗೆ ಊರೇ ನಂಬಿದ್ದಿತು. 1897ರಲ್ಲಿ ತನ್ನ ಆತ್ಮಕಥೆಯನ್ನು ಬರೆದಾಗ ಆಕೆ, ಅದೆಲ್ಲವೂ ಸನ್ನೆಯ ತತ್ತ್ವ ಮತ್ತು ಎದುರಾಳಿಯ ಬಲವನ್ನು ಓರೆಗೊಳಿಸುವ ಉಪಾಯವೆಂದು ವಿವರಿಸಿದಳು. ತೈ ಚಿ ಗುರುವಿನ ನಿಲುವಿನಲ್ಲಿಯೂ ನಿಜವಾದ ಕೌಶಲವಿದೆ. ಬಲವು ಯಾವ ಕಡೆಯಿಂದ ಬರುತ್ತಿದೆಯೆಂದು ಅರಿತು ಮೈಯನ್ನು ಹೊಂದಿಸಿಕೊಳ್ಳುವುದು ವರ್ಷಗಳ ಅಭ್ಯಾಸದಿಂದ ಬರುವಂಥದು. ಆ ಕೌಶಲಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದನ್ನು ಭೌತಶಾಸ್ತ್ರಕ್ಕೆ ಮೀರಿದ ಶಕ್ತಿಯೆಂದು ಮಾರುವವನಿಗೆ ಅಲ್ಲ.

ಮುಟ್ಟದೆಯೇ ಶಿಷ್ಯರನ್ನು ಬೀಳಿಸುವ ಗುರುಗಳೂ ಉಂಟು. ಬೀಳುವ ಶಿಷ್ಯರೆಲ್ಲರೂ ಸುಳ್ಳುಗಾರರೆಂದು ತಿಳಿಯಬಾರದು. ಇಬ್ಬರು ಕೈಗೆ ಕೈ ತಾಗಿಸಿ ಒಬ್ಬರ ಬಲವನ್ನು ಇನ್ನೊಬ್ಬರು ಗ್ರಹಿಸುವ ಅಭ್ಯಾಸವು ತೈ ಚಿಯ ಒಂದು ಮುಖ್ಯ ಭಾಗ. ವರ್ಷಗಟ್ಟಲೆ ಒಬ್ಬನೇ ಗುರುವಿನ ಸಣ್ಣಸಣ್ಣ ಸೂಚನೆಗಳಿಗೆ ಮೈಯನ್ನು ಒಗ್ಗಿಸಿಕೊಂಡವನು, ಕೈ ತಗಲುವ ಮೊದಲೇ ವಾಲುವುದು ಸ್ವಾಭಾವಿಕ. ಗುರುಭಕ್ತಿಯು ಮಿಕ್ಕುದನ್ನು ಪೂರೈಸುತ್ತದೆ. ಇದನ್ನು ಪರೀಕ್ಷಿಸಲು ಕಾಳಗವೇ ಬೇಕಿಲ್ಲ, ಒಂದು ಪರದೆಯೂ ಒಂದು ನಾಣ್ಯವೂ ಸಾಕು. ಗುರುವನ್ನು ಪರದೆಯ ಹಿಂದೆ ನಿಲ್ಲಿಸಿ ಹತ್ತು ಸಲ ನಾಣ್ಯವನ್ನು ಚಿಮ್ಮಿರಿ. ತಲೆ ಬಿದ್ದಾಗ ಮಾತ್ರ ಅವರು ಶಕ್ತಿಯನ್ನು ಕಳುಹಿಸಲಿ. ನಾಣ್ಯವನ್ನು ಕಾಣದ ಶಿಷ್ಯನು ಪ್ರತಿ ಸಲವೂ ಶಕ್ತಿ ಬಂದಿತೋ ಇಲ್ಲವೋ ಹೇಳಲಿ. ಬರಿಯ ಊಹೆಯಿಂದ ಹತ್ತಕ್ಕೆ ಹತ್ತೂ ಸರಿಯಾಗುವ ಸಂಭವ 1024ರಲ್ಲಿ ಒಂದು. ಅಷ್ಟು ಸರಿಯಾದರೆ ನಾವೇ ಮುಂದೆ ಬಂದು ಇನ್ನೂ ಬಿಗಿಯಾದ ಪ್ರಯೋಗಕ್ಕೆ ಏರ್ಪಾಡು ಮಾಡೋಣ. ಇಂಥ ಪರೀಕ್ಷೆಗೆ ಕರೆದಾಗ ‘ನಿಮ್ಮ ಸಂದೇಹವೇ ಶಕ್ತಿಯನ್ನು ತಡೆಯುತ್ತದೆ’ ಎಂಬ ಉತ್ತರ ಬಂದರೆ ಚಪ್ಪಲಿಯನ್ನು ಮೆಟ್ಟಿಕೊಂಡು ಮನೆಗೆ ಹೊರಡಬಹುದು.

ಆರೋಗ್ಯದ ಮಾತಿನಲ್ಲಿ ಇಷ್ಟು ಲಘುವಾಗಿರಲು ನಮಗೆ ಮನಸ್ಸು ಬಾರದು. ಕಾಳಗದ ಸೋಲು ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. ಸುಳ್ಳು ಚಿಕಿತ್ಸೆಯ ಸೋಲು ಬಯಲಾಗಲು ತಿಂಗಳುಗಳೇ ಬೇಕು, ಅಷ್ಟು ಹೊತ್ತಿಗೆ ಕೈಮೀರಿರುತ್ತದೆ. ನಮ್ಮ ಪರಿಚಿತರೊಬ್ಬರು ಸಕ್ಕರೆ ಕಾಯಿಲೆಯುಳ್ಳವರು. ಇಂಥದೇ ಒಂದು ತರಗತಿಗೆ ಸೇರಿದರು. ಮೈ ಹಗುರವಾಯಿತು, ನಿದ್ರೆ ಚೆನ್ನಾಗಿ ಬಂದಿತು. ಗುರುವಿನ ಮೇಲೆ ನಂಬಿಕೆ ಹುಟ್ಟಿತು. ಉಸಿರಿನ ಶಕ್ತಿಯೇ ಸಕ್ಕರೆಯನ್ನು ಸುಡುವುದೆಂದು ಗುರುವು ಹೇಳಿದಾಗ ಮಾತ್ರೆಗಳನ್ನು ನಿಲ್ಲಿಸಿದರು. ಎರಡು ತಿಂಗಳಾದ ಮೇಲೆ ಕಾಲಿನ ಗಾಯವೊಂದು ಮಾಯದೆ ಆಸ್ಪತ್ರೆಗೆ ಸೇರಬೇಕಾಯಿತು. ಒಂದು ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ. ವ್ಯಾಯಾಮದಿಂದ ಅವರಿಗೆ ನಿಜವಾಗಿ ದೊರೆತ ಲಾಭವೇ ಸುಳ್ಳನ್ನು ನಂಬಲು ದಾರಿಯಾದುದು ನಮ್ಮನ್ನು ಇಂದಿಗೂ ಕಾಡುತ್ತದೆ.

ತೈ ಚಿಯಿಂದ ಏನು ಸಾಧ್ಯವೆಂಬುದನ್ನು ಈಗ ಊಹಿಸಬೇಕಾಗಿಲ್ಲ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾರ್ಕಿನ್ಸನ್ ರೋಗದ 195 ಮಂದಿಯ ಪೈಕಿ ತೈ ಚಿ ಕಲಿತವರ ದೇಹದ ಸಮತೋಲನವು ಬಲವರ್ಧನೆಯ ವ್ಯಾಯಾಮ ಮಾಡಿದವರಿಗಿಂತಲೂ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತಲೂ ಉತ್ತಮಗೊಂಡಿತು. ಯಾರ ರೋಗವೂ ವಾಸಿಯಾಗಲಿಲ್ಲ. ಹಾಗೆಂದು ಯಾರೂ ಹೇಳಲಿಲ್ಲ. ಮೊಣಕಾಲಿನ ಕೀಲು ಸವೆದು ನೋವುಣ್ಣುತ್ತಿದ್ದ 204 ಮಂದಿಯ ಮೇಲೆ ಬಾಸ್ಟನ್ನಿನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 12 ವಾರಗಳ ತೈ ಚಿಯು ಆಸ್ಪತ್ರೆಯ ಅಂಗಸಾಧನೆಯ ಚಿಕಿತ್ಸೆಯಷ್ಟೇ ಗುಣಕೊಟ್ಟಿತು. ನೋವು ಅತಿಯಾದಾಗಲೇ ಜನರು ಇಂಥ ತರಗತಿಗಳನ್ನು ಹುಡುಕುವುದರಿಂದ, ಏನೂ ಮಾಡದಿದ್ದರೂ ಕೆಲವರಿಗೆ ನೋವು ತಗ್ಗುತ್ತಿದ್ದೀತು. ಹೋಲಿಕೆಗೆ ಎರಡನೆಯ ಗುಂಪು ಬೇಕಾಗುವುದು ಅದಕ್ಕಾಗಿಯೇ. ತಾನು ತೈ ಚಿ ಮಾಡುತ್ತಿದ್ದೇನೆಂಬುದನ್ನು ಮಾಡುವವನಿಂದ ಮುಚ್ಚಿಡಲಾಗದು. ಆದ್ದರಿಂದ ಔಷಧದ ಪ್ರಯೋಗಗಳಷ್ಟು ಬಿಗಿ ಇಲ್ಲಿ ಸಾಧ್ಯವಿಲ್ಲವೆಂಬುದನ್ನೂ ಒಪ್ಪಬೇಕು. ಬಾಸ್ಟನ್ನಿನ ಪ್ರಯೋಗದ ಇನ್ನೊಂದು ಅಂಶ ನಮಗೆ ಬಹು ಮುಖ್ಯವೆಂದು ತೋರುತ್ತದೆ. ಅಲ್ಲಿ ಹಲವರು ಬೋಧಕರಿದ್ದರು. ಯಾವ ಬೋಧಕನ ಕೈಯಲ್ಲಿ ಕಲಿತರೂ ಲಾಭವು ಹೆಚ್ಚು ಕಡಿಮೆ ಒಂದೇ ಆಗಿದ್ದಿತು. ಗುಣವು ಕ್ರಮಬದ್ಧವಾದ ಅಭ್ಯಾಸದಲ್ಲಿದ್ದಿತೇ ಹೊರತು ಯಾರೋ ಒಬ್ಬರ ಅಂಗೈಯಲ್ಲಿ ಅಲ್ಲ. ತನ್ನ ಹೊರತು ಇನ್ನಾರಿಂದಲೂ ಈ ಫಲ ದೊರೆಯದೆನ್ನುವ ಗುರುವನ್ನು ಸಂದೇಹಿಸಲು ಇದೊಂದೇ ಸಾಕು.

ಹಾಗಿದ್ದರೂ ಬೋಧಕನು ಯಾರಾದರೇನು ಎನ್ನುವಂತಿಲ್ಲ. ಆ ಪ್ರಯೋಗಗಳಲ್ಲಿ ಕಲಿಸಿದವರು ತರಬೇತಿ ಪಡೆದವರು. ಅವರ ಮೇಲೆ ಕಣ್ಣಿಡುವವರೂ ಇದ್ದರು. ನಮ್ಮ ಊರಿನ ತರಗತಿಯ ಮೇಲೆ ಕಣ್ಣಿಡುವವರು ನಾವೇ. ಆದುದರಿಂದ ಗುರುವನ್ನು ನೋಡುವುದಕ್ಕಿಂತ ಮುಂಚೆ ಅವರ ಹಳೆಯ ಶಿಷ್ಯರ ಮೊಣಕಾಲುಗಳನ್ನು ನೋಡಿರಿ. ಬಾಗಿದ ಮೊಣಕಾಲು ಪಾದವು ತೋರುವ ದಿಕ್ಕಿನಲ್ಲಿಯೇ ಇರಬೇಕು. ಭಾರ ಹೊತ್ತ ಮೊಣಕಾಲನ್ನು ತಿರುಚುವವರು ಐದಾರು ಮಂದಿ ಕಂಡರೆ, ಅದನ್ನು ತಿದ್ದುವ ಕಣ್ಣು ಅಲ್ಲಿಲ್ಲವೆಂದು ಅರ್ಥ. ಹೊಸಬರನ್ನು ಸೇರಿಸಿಕೊಳ್ಳುವಾಗ ಅವರ ವಯಸ್ಸು, ಹಳೆಯ ಪೆಟ್ಟು, ಕಾಯಿಲೆಗಳನ್ನು ವಿಚಾರಿಸುತ್ತಾರೆಯೆ? ಅರವತ್ತರ ಅಜ್ಜಿಗೂ ಹದಿನೆಂಟರ ಹುಡುಗನಿಗೂ ಒಂದೇ ಎತ್ತರಕ್ಕೆ ಕಾಲೆತ್ತಲು ಹೇಳುತ್ತಾರೆಯೆ? ಹೊರಗಿನವರು ಬಂದು ಕೈ ಹಚ್ಚಿ ನೋಡಲು ಅವಕಾಶವಿದೆಯೆ? ನಮ್ಮ ಗರಡಿಮನೆಗಳಲ್ಲಿ ಉಸ್ತಾದನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಬೇರೆ ಊರಿನ ಪೈಲ್ವಾನರೇ ಹೊರತು ಅವನ ಸ್ವಂತ ಶಿಷ್ಯರಲ್ಲ.

ಈ ಲೇಖನವನ್ನು ಬರೆಯುವ ಯೋಚನೆ ನಮಗೆ ಬಂದುದು ನಮ್ಮ ಊರಿನ ಒಂದು ಉದ್ಯಾನದಲ್ಲಿ. ಅಲ್ಲಿ ಸುಮಾರು ಐವತ್ತು ವರ್ಷ ವಯಸ್ಸಿನ ಬೋಧಕರೊಬ್ಬರು ಇಪ್ಪತ್ತು ಜನರಿಗೆ ಕಲಿಸುತ್ತಿದ್ದರು. ಪಂಥದ ಹೆಸರನ್ನು ನಾವು ಎಲ್ಲಿಯೂ ಓದಿರಲಿಲ್ಲ. ನಮ್ಮೊಡನೆ ಬಂದಿದ್ದ ಕಾಲೇಜು ವಿದ್ಯಾರ್ಥಿಯು, ಮೇಲೆ ಹೇಳಿದ ಲೆಕ್ಕವನ್ನು ಹಿಂದಿನ ದಿನವಷ್ಟೇ ಮಾಡಿದ್ದವನು, ತರಗತಿ ಮುಗಿಯುತ್ತಲೇ ಹತ್ತಿರ ಹೋಗಿ, “ಸರ್, ನಿಮ್ಮನ್ನು ಸ್ವಲ್ಪ ನೂಕಿ ನೋಡಬಹುದೆ?” ಎಂದು ಕೇಳಿಯೇಬಿಟ್ಟನು. ಅವರು ನಕ್ಕು, ಕಾಲನ್ನು ಮುಂದಿಟ್ಟು ನಿಂತರು. ಹುಡುಗನು ಎದುರಿನಿಂದ ಎಷ್ಟು ನೂಕಿದರೂ ಅವರು ಕದಲಲಿಲ್ಲ. ಆಮೇಲೆ ಅವರೇ, “ಈಗ ಪಕ್ಕದಿಂದ ನೂಕಪ್ಪ. ಎರಡು ಪಾದಗಳ ನಡುವೆ ಒಂದು ಗೆರೆ ಎಳೆದಿದೆ ಅಂದುಕೊ, ಅದಕ್ಕೆ ಅಡ್ಡವಾಗಿ,” ಎಂದರು. ಹುಡುಗನು ಒಂದು ಕೈಯಿಂದ ನೂಕಿದನು. ಅವರು ಎರಡು ಹೆಜ್ಜೆ ತತ್ತರಿಸಿ ಹುಲ್ಲಿನ ಮೇಲೆ ಕೈಯೂರಿದರು. “ಆ ಕಡೆ ನನಗೆ ಆಧಾರವೇ ಇಲ್ಲ, ಹೊರಗಿನಿಂದ ಯಾರೇ ಬಂದರೂ ಇದನ್ನು ತೋರಿಸುತ್ತೇನೆ,” ಎಂದು ಮಣ್ಣನ್ನು ಒರೆಸಿಕೊಂಡರು.

ಅಷ್ಟರಲ್ಲಿ ಶಿಷ್ಯೆಯರಲ್ಲಿ ಹಿರಿಯರಾದ ಒಬ್ಬಾಕೆ ಬಂದು, ಈಗ ಮೈ ಚೆನ್ನಾಗಿದೆ, ರಕ್ತದೊತ್ತಡದ ಮಾತ್ರೆಯನ್ನು ಅರ್ಧಕ್ಕೆ ಇಳಿಸಲೆ ಎಂದು ಕೇಳಿದರು. “ಅದು ನನಗೆ ಗೊತ್ತಿಲ್ಲಮ್ಮ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ; ಕೇಳುವ ತನಕ ಪೂರ್ತಿ ತೆಗೆದುಕೊಳ್ಳಿ,” ಎಂದರು ಬೋಧಕರು. ಪಂಥದ ಮೂಲವನ್ನು ನಾವು ವಿಚಾರಿಸಿದಾಗ ತಮಗೆ ಕಲಿಸಿದವರ ಹೆಸರನ್ನು ಹೇಳಿ, ಅದರಾಚೆಗೆ ತಮಗೆ ತಿಳಿಯದೆಂದರು. ನಮ್ಮ ವಿದ್ಯಾರ್ಥಿಯು ಮುಂದಿನ ಸೋಮವಾರದಿಂದ ಆ ತರಗತಿಗೆ ಸೇರಿದ್ದಾನೆ. ಅವನ ಅಜ್ಜಿಯೂ ಜೊತೆಯಲ್ಲಿ ಹೋಗುತ್ತಿದ್ದಾರೆ.